ಹೊಗಳಿದವರೂ ನುಂಗಬೇಕು

ನಮ್ಮೂರಲ್ಲಿ ಯಾವ ಔಷಧಿಯನ್ನೂ ಯಾರೂ ಹೊಗಳುವುದಿಲ್ಲ. ಹೊಗಳಿದರೆ ನುಂಗಬೇಕಾಗುತ್ತದೆ. ನೀವು ಇನ್ನೊಬ್ಬರಿಗೆ ‘ಈ ಲೇಹ್ಯ ಒಳ್ಳೆಯದು, ತಿನ್ನಿ’ ಅಂದಿರೋ, ಮುಗಿಯಿತು. ಅವರು ಎಷ್ಟು ತಿನ್ನುತ್ತಾರೋ ಅಷ್ಟನ್ನು, ಎಷ್ಟು ದಿನ ತಿನ್ನುತ್ತಾರೋ ಅಷ್ಟು ದಿನ ನೀವೂ ತಿನ್ನಬೇಕು. ಅವರು ತಿಂದು ನೀವು ತಿನ್ನದೆ ಕೂತರೆ ಆ ಗಳಿಗೆಗೇ ನಿಮ್ಮ ದನಿ ನಿಂತುಹೋಗುತ್ತದೆ. ಅವರು ಅದನ್ನು ಬಿಟ್ಟ ಮಾರನೆಯ ಬೆಳಿಗ್ಗೆ ವಾಪಸು ಬರುತ್ತದೆ. ನಮ್ಮ ಬೀದಿಯ ಕರಿಬಸಪ್ಪನವರು ಒಂದು ಮದುವೆ ಮನೆಯಲ್ಲಿ ಉಂಡ ಖುಷಿಯಲ್ಲಿ ಬೀಗರ ಮುಂದೆ ಮೆಂತ್ಯದ ಲೇಹ್ಯವನ್ನು ಹೊಗಳಿಬಿಟ್ಟರು. ಕರಿಬಸಪ್ಪನವರಿಗೆ ಮೆಂತ್ಯದ ವಾಸನೆ ಬಂದರೆ ಸಾಕು, ವಾಂತಿ. ಬೀಗರಿಗೋ ಅದು ಬಲು ಹಿಡಿಸಿತು. ಒಂಬತ್ತು ವರ್ಷವಾಯಿತು, ಹಬ್ಬಕ್ಕೆ ಬಂದಾಗಲೆಲ್ಲ ಬೀಗರು ಬಾಯಿ ತುಂಬ ಮಾತಾಡುತ್ತಾರೆ, ಕರಿಬಸಪ್ಪನವರು ತಲೆಯಾಡಿಸುತ್ತ ಕೂರುತ್ತಾರೆ.

ಹಾಗಂತ ಜನ ಸುಮ್ಮನಿರುತ್ತಾರೆಯೇ? ಹೊಗಳುವ ಹಾಗಿಲ್ಲ ಅಂದಮೇಲೆ ಬೈಯುವುದನ್ನು ಕಲಿತರು. ಬೈದರೆ ಏನೂ ಆಗುವುದಿಲ್ಲ. ಮೊಮ್ಮಗಳಿಗೆ ಕೆಮ್ಮಿನ ಸಿರಪ್ ಕುಡಿಸಬೇಕಾದ ಅಜ್ಜಿ ‘ಥೂ, ಇದರ ಮನೆ ಹಾಳಾಗ, ಇಂಥ ದರಿದ್ರ ಸಿರಪ್ಪು ನಾನು ಕಂಡೇ ಇಲ್ಲ’ ಅನ್ನುತ್ತಾಳೆ, ಮಗು ಬಾಯಿ ತೆರೆಯುತ್ತದೆ. ಎಷ್ಟು ಬೈದರೋ ಅಷ್ಟು ಒಳ್ಳೆಯದು ಅಂತ ನಮ್ಮ ಜನ ತಿಳಿದುಕೊಳ್ಳುತ್ತಾರೆ. ನಮ್ಮ ಡಾಕ್ಟರ್ ಶೇಷಗಿರಿಯವರು ಬೈಯುವ ಗೋಜಿಗೂ ಹೋಗುವುದಿಲ್ಲ. ರೋಗಿ ಒಳಗೆ ಬರುವ ಮೊದಲೇ ಬಾಯಿಗೆ ಎಲೆಯಡಿಕೆ ತುಂಬಿಕೊಂಡು ಕೂತಿರುತ್ತಾರೆ. ಚೀಟಿ ಬರೆದು ಮುಂದೆ ತಳ್ಳುತ್ತಾರೆ. ‘ಇದು ಒಳ್ಳೇದಾ ಸಾರ್?’ ಅಂತ ಕೇಳಿದರೆ ಫ್ಯಾನ್ ನೋಡುತ್ತಾರೆ. ಅವರಿಗಿಂತ ಮೊದಲು ಬೇರೆ ಊರಿನಿಂದ ಬಂದಿದ್ದ ಡಾಕ್ಟರೊಬ್ಬರು ಮೊದಲ ದಿನವೇ ಹದಿನೇಳು ಜನಕ್ಕೆ ‘ಬಹಳ ಒಳ್ಳೆಯ ಮಾತ್ರೆ’ ಅಂದುಬಿಟ್ಟಿದ್ದರು. ಅದರಲ್ಲಿ ಭೇದಿಯಾಗಲು ಕೊಟ್ಟದ್ದೂ ಇತ್ತು, ಭೇದಿ ನಿಲ್ಲಿಸಲು ಕೊಟ್ಟದ್ದೂ ಇತ್ತು. ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ಟಿಗೆ ಕೈಸನ್ನೆ ಮಾಡುತ್ತ ನಿಂತಿದ್ದರಂತೆ.

ಇಂಥ ಊರಿನಲ್ಲಿ ನನಗೆ ಎಷ್ಟು ಮರ್ಯಾದೆ ಇದ್ದಿರಬೇಕು ಯೋಚಿಸಿ. ನನ್ನ ಹೆಸರು ಅಂಬುಜಾಕ್ಷಿ. ಪುರಸಭೆಯ ನೀರು ಪರೀಕ್ಷೆ ಮಾಡುವ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಊರಿನ ಬಾವಿ, ಬೋರು, ಟ್ಯಾಂಕು, ಎಲ್ಲದರ ಗುಟ್ಟೂ ನನಗೆ ಗೊತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಹಾಗೆ ಬೈಯುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ನಿಜ. ಬಸುರಿ ಹೆಂಗಸರನ್ನು ಅತ್ತೆಯರು ಕರೆದುಕೊಂಡು ಬಂದು, ‘ಅಂಬುಜಕ್ಕ, ಈ ಕಬ್ಬಿಣದ ಮಾತ್ರೇನ ಸ್ವಲ್ಪ ಬೈದುಕೊಡಿ, ಇವಳು ನುಂಗೋದಿಲ್ಲ ಅಂತಾಳೆ’ ಅನ್ನುತ್ತಿದ್ದರು. ನಾನು ಆ ಮಾತ್ರೆಯ ಏಳು ತಲೆಮಾರನ್ನು ತೆಗೆದು ಬೈದು ಕಳಿಸುತ್ತಿದ್ದೆ. ಹೋಗುವಾಗ ತಾಂಬೂಲ ಕೊಡುತ್ತಿದ್ದರು.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ತಂಗಿ ಕುಮುದ. ನಾನು ಮದುವೆಯಾಗಲಿಲ್ಲ, ಅವಳ ಗಂಡ ತೀರಿಕೊಂಡ ಮೇಲೆ ಅವಳು ಹೊಲಿಗೆ ಮೆಷಿನ್ ಸಮೇತ ನನ್ನ ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ ಕೂತು ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಾಳೆ. ಅವಳಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಪ್ರತಿದಿನ ಬೆಳಿಗ್ಗೆ ತಿಂಡಿಗೆ ಮೊದಲು ಮಾತ್ರೆ ನುಂಗಿಸುವುದು ನನ್ನ ಕೆಲಸ. ನುಂಗಿಸುವುದು ಅಂದರೆ ಬೈಯುವುದು. ‘ತಗೋ ನಿನ್ನ ಹಾಳು ಮಾತ್ರೆ, ನಾಯಿಗೂ ಬೇಡ ಇದು’ ಅಂತ ಅಂಗೈಗೆ ಹಾಕುತ್ತಿದ್ದೆ. ಅವಳು ನಗುತ್ತ ನುಂಗುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು.

ಪೀತಾಂಬರ ಬಂದದ್ದು ಆಮೇಲೆ. ಎಲ್ಲಿಂದ ಬಂದನೋ, ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆ ಬಾಡಿಗೆಗೆ ಹಿಡಿದು ಬೋರ್ಡು ಹಾಕಿಸಿದ. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ದಯವಿಟ್ಟು ಇಲ್ಲಿ ಏನನ್ನೂ ಕೊಳ್ಳಬೇಡಿ’ ಅಂತ ಬರೆಸಿದ್ದ. ಊರಿಗೆ ಬಂದು ಎಂಟು ದಿನದಲ್ಲಿ ನಮ್ಮ ಜನರ ನಾಡಿ ಹಿಡಿದವನು ಅವನು. ಒಳಗೆ ಮೂರು ಸಾಮಾನು. ಒಂದು, ಮುನ್ನೂರು ಬೇರಿನ ಪುಡಿ. ಎರಡು, ಹಿಮದ ಹನಿ ಅಂತ ಒಂದು ಸಣ್ಣ ಸೀಸೆ. ಮೂರು, ಪಾಚಿಯ ಮಾತ್ರೆ. ಮೂರೂ ಸಕ್ಕರೆ ಕಾಯಿಲೆ, ಮಂಡಿನೋವು, ಕೂದಲು ಉದುರುವುದು, ಸಂಸಾರದಲ್ಲಿ ನಿರಾಸಕ್ತಿ, ಎಲ್ಲಕ್ಕೂ. ಅಂಗಡಿಗೆ ಬಂದವರಿಗೆ ಪೀತಾಂಬರ ಕೈ ಮುಗಿದು, ‘ನಿಮ್ಮಂಥವರು ತಿನ್ನೋ ವಸ್ತುವಲ್ಲಮ್ಮ, ಬರೀ ಬೂದಿ, ಸುಮ್ನೆ ದುಡ್ಡು ಹಾಳು’ ಅನ್ನುತ್ತಿದ್ದ. ಹೆಂಗಸರು ಸೆರಗಿನ ಗಂಟು ಬಿಚ್ಚುತ್ತಿದ್ದರು.

ರವಿಕೆಗೆ ಅಳತೆ ಕೊಡಲು ಬಂದವರೆಲ್ಲ ಕುಮುದನ ಮುಂದೆ ಈ ಮೂರನ್ನೂ ಬೈದು ಹೋಗುತ್ತಿದ್ದರು. ಒಬ್ಬಳು ಪುಡಿಯನ್ನು ಬೈದರೆ ಇನ್ನೊಬ್ಬಳು ಹನಿಯನ್ನು ಬೈಯುತ್ತಿದ್ದಳು. ಯಾವುದನ್ನು ಹೆಚ್ಚು ಬೈದರು ಅಂತ ಇವಳಿಗೆ ಗೊಂದಲವಾಗಿ, ಕೊನೆಗೆ ಮೂರನ್ನೂ ಒಂದೊಂದು ತಂದು ನನ್ನ ಮುಂದಿಟ್ಟಳು. ನಿನ್ನ ಹತ್ತಿರ ತಕ್ಕಡಿ ಇದೆ, ನೀರು ನೋಡುವ ಸಾಮಾನೆಲ್ಲ ಇದೆ, ಯಾವುದು ಅಂತ ನೀನೇ ನೋಡಿ ಹೇಳು ಅಂದಳು. ನನಗೂ ನಿವೃತ್ತಿಯ ಮೇಲೆ ಕೈಗೆ ಕೆಲಸವಿರಲಿಲ್ಲ. ಸಂತೋಷವಾಗಿಯೇ ಕೂತೆ.

ಹಿಮದ ಹನಿಯಿಂದ ಶುರುಮಾಡಿದೆ. ಮೂವತ್ತು ಮಿಲಿ ಸೀಸೆಗೆ ಒಂಬೈನೂರು ರೂಪಾಯಿ. ಗಾಜಿನ ತಟ್ಟೆಯ ಮೇಲೆ ಹತ್ತು ಹನಿ ಬಿಟ್ಟು ಒಲೆಯ ಪಕ್ಕ ಒಣಗಿಸಿದೆ. ನಮ್ಮ ನಲ್ಲಿ ನೀರು ಒಣಗಿದರೆ ಎಂಥ ಬಿಳಿ ಕಲೆ ಉಳಿಯುತ್ತದೋ ಅಂಥದೇ ಕಲೆ ಉಳಿಯಿತು. ನಲ್ಲಿ ನೀರಿಗೆ ಪುರಸಭೆ ತಿಂಗಳಿಗೆ ಎಂಬತ್ತು ರೂಪಾಯಿ ತೆಗೆದುಕೊಳ್ಳುತ್ತದೆ, ಅದಕ್ಕೇ ಜನ ಧರಣಿ ಕೂರುತ್ತಾರೆ. ಇದನ್ನು ಕುಡಿದು ಯಾರೂ ಸಾಯುವುದಿಲ್ಲ, ಬದುಕುವುದೂ ಇಲ್ಲ ಅಂತ ಪಕ್ಕಕ್ಕಿಟ್ಟೆ.

ಪಾಚಿಯ ಮಾತ್ರೆಗೆ ಮೀನಿನ ವಾಸನೆ. ಡಬ್ಬಿಯ ಮೇಲೆ ದಿನಕ್ಕೆ ಹತ್ತು ಅಂತ ಒಂದು ಚೀಟಿ ಅಂಟಿಸಿದ್ದರು. ನನಗೆ ಅನುಮಾನ ಬಂದು ಉಗುರಿನಿಂದ ಕೆರೆದೆ. ಅದರ ಕೆಳಗೆ ದಿನಕ್ಕೆ ಆರು ಅಂತ ಇನ್ನೊಂದು ಚೀಟಿ. ಅದನ್ನೂ ಕೆರೆದರೆ ಡಬ್ಬಿಯ ಮೇಲೇ ದಿನಕ್ಕೆ ಎರಡು ಅಂತ ಅಚ್ಚಾಗಿತ್ತು. ಎರಡು ಸಾಕಾಗಿದ್ದ ಕಾಯಿಲೆಗೆ ಆರು ಯಾಕೆ ಬೇಕಾಯಿತು, ಆರು ಸಾಕಾಗಿದ್ದದ್ದಕ್ಕೆ ಹತ್ತು ಯಾಕೆ ಬೇಕಾಯಿತು? ಕಾಯಿಲೆ ಹೆಚ್ಚಾಗಿರಲಿಲ್ಲ, ಡಬ್ಬಿ ಬೇಗ ಖಾಲಿಯಾಗಬೇಕಿತ್ತು. ಇಂಥವರ ಕೈಗೆ ಅಳತೆ ಕೊಟ್ಟು ಬಾಯಿ ತೆರೆಯುತ್ತಾರಲ್ಲ, ನಮ್ಮ ಜನರಿಗೆ ಏನನ್ನಬೇಕು?

ಪುಡಿಯ ವಿಷಯ ಬೇರೆ. ಇನ್ನೂರು ಗ್ರಾಮಿನ ಟಿನ್ನಿಗೆ ಸಾವಿರದ ಎಂಟುನೂರೈವತ್ತು, ಏಲಕ್ಕಿಗಿಂತ ದುಬಾರಿ. ದಿನಕ್ಕೆ ಎರಡು ಚಮಚ ಅಂತ ಬರೆದಿತ್ತು, ಒಳಗೆ ಒಂದು ಪ್ಲಾಸ್ಟಿಕ್ ಚಮಚವೂ ಇತ್ತು. ಎದುರು ಮನೆಯವರ ಟಿನ್ನನ್ನೂ ಇಸಕೊಂಡು ಬಂದು ಎರಡು ಚಮಚವನ್ನೂ ತಕ್ಕಡಿಗೆ ಹಾಕಿದೆ. ಒಂದು ಚಮಚ ಐದು ಗ್ರಾಂ ಹಿಡಿಯಿತು, ಇನ್ನೊಂದು ಎಂಟು. ಐದು ಗ್ರಾಮಿನಲ್ಲಿ ಮುನ್ನೂರು ಬೇರು ಅಂದರೆ ಒಂದೊಂದು ಬೇರಿನ ಪಾಲಿಗೆ ನಾಲ್ಕೈದು ಸಾಸಿವೆ ಕಾಳಿನ ತೂಕ. ಯಾವ ಬೇರು ಅಂತ ಒಂದರ ಹೆಸರೂ ಇಲ್ಲ. ‘ಗುಪ್ತ’ ಅಂತ ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದನ್ನು ಸೇವಿಸುವಾಗ ಬೇರೆ ಎಲ್ಲ ಔಷಧಿ ನಿಲ್ಲಿಸತಕ್ಕದ್ದು ಅಂತ ಇತ್ತು. ಅಷ್ಟು ಹೊತ್ತೂ ನನಗೆ ನಗು ಬರುತ್ತಿತ್ತು, ಆ ಸಾಲು ಓದಿದ ಮೇಲೆ ನಗು ನಿಂತಿತು.

ಒಂದು ಚಿಟಿಕೆ ಪುಡಿಯನ್ನು ಕಬ್ಬಿಣ ತಾಗಿ ಬಣ್ಣ ಕೆಡದ ಹಾಗೆ ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಸೋಸಿ, ಕೊಳಾಯಿಗೆ ಸೀಸ ಇಳಿದಿದೆಯಾ ಅಂತ ನೋಡಲು ನಾವು ಬಿಡುತ್ತಿದ್ದ ದ್ರಾವಣವನ್ನು ಎರಡು ಹನಿ ಬಿಟ್ಟೆ. ತಿಳಿನೀರಿನಂತಿದ್ದದ್ದು ಕಂದಾಯಿತು, ನೋಡನೋಡುತ್ತ ಕಪ್ಪಾಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಬಣ್ಣವನ್ನು ನಾನು ಎರಡೇ ಸಲ ನೋಡಿದ್ದೆ, ಎರಡು ಸಲವೂ ಆ ನಲ್ಲಿಗೆ ಬೀಗ ಹಾಕಿಸಿದ್ದೆ. ಒಳಗೆ ಸೀಸವೇ ಇದೆಯೋ ಇನ್ನೊಂದೇ ಇದೆಯೋ ಖಚಿತವಾಗಿ ಹೇಳಲು ದೊಡ್ಡ ಲ್ಯಾಬೇ ಬೇಕು. ಆದರೆ ಯಾವ ಗಿಡದ ಬೇರೂ ಈ ಬಣ್ಣ ಕೊಡುವುದಿಲ್ಲ ಅನ್ನುವುದಕ್ಕೆ ನಾನೇ ಸಾಕು.

ಮೈಯೆಲ್ಲ ಉರಿದುಹೋಯಿತು. ಎದ್ದವಳೇ ಟಿನ್ನು ಹಿಡಿದುಕೊಂಡು ಹಾಲಿನ ಬೂತಿಗೆ ಹೋದೆ. ಬೆಳಗಿನ ಹೊತ್ತು ಊರಿನವರೆಲ್ಲ ಅಲ್ಲಿರುತ್ತಾರೆ, ಪೀತಾಂಬರನೂ ಇದ್ದ. ಕಟ್ಟೆಯ ಮೇಲೆ ನಿಂತು ಬೈದೆ ನೋಡಿ, ನನ್ನ ಜೀವಮಾನದಲ್ಲಿ ಹಾಗೆ ಬೈದಿರಲಿಲ್ಲ. ಇದು ವಿಷ, ಮೂತ್ರಪಿಂಡ ತಿನ್ನುತ್ತದೆ, ಚಮಚ ಸುಳ್ಳು, ಅಳತೆ ಸುಳ್ಳು, ಬೇರೂ ಸುಳ್ಳು, ಇದನ್ನು ಮಾರುವವನು ಕೊಲೆಗಡುಕ ಅಂದೆ. ಜನ ಹಾಲಿನ ಪಾತ್ರೆ ಹಿಡಿದು ಬಾಯಿ ಬಿಟ್ಟುಕೊಂಡು ಕೇಳಿದರು. ನನಗೆ ಉಸಿರು ಕಟ್ಟಿ ನಿಲ್ಲಿಸಿದಾಗ ಯಾರೋ ಒಬ್ಬರು ನಿಟ್ಟುಸಿರು ಬಿಟ್ಟು, ಅಂಬುಜಕ್ಕ ಯಾವುದನ್ನೂ ಇಷ್ಟು ಬೈದವರಲ್ಲ ಅಂದರು. ನನ್ನ ಬೈಗುಳವೇ ಹೊಗಳಿಕೆಯಾಗಿಬಿಟ್ಟಿತ್ತು.

ಪೀತಾಂಬರನನ್ನೇ ಹಿಡಿದುಕೊಂಡೆ. ‘ಒಂದೇ ಒಂದು ಸಲ, ಇವರೆಲ್ಲರ ಮುಂದೆ, ಇದು ಒಳ್ಳೇದು ಅಂತ ಅನ್ನಪ್ಪ ನೋಡೋಣ’ ಅಂದೆ.

ಅವನು ಎರಡೂ ಕೆನ್ನೆ ಬಡಿದುಕೊಂಡ. ‘ಶಿವ ಶಿವ, ನೀವು ಹೇಳಿದ್ದೇ ಸತ್ಯ ತಾಯಿ. ಇಷ್ಟು ಕೆಟ್ಟ ಪದಾರ್ಥನ ನಾನು ಹೇಗೆ ಹೊಗಳಲಿ?’ ಅಂದ.

ಜನ ಹೋ ಅಂತ ನಕ್ಕರು. ಹಾಲು ತೆಗೆದುಕೊಳ್ಳುವುದನ್ನೂ ಬಿಟ್ಟು ಗಿರಣಿಯ ಕಡೆ ಹೊರಟರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಪುಡಿಯ ಒಂದು ಟಿನ್ನೂ ಇರಲಿಲ್ಲ. ಸಂಜೆ ಆ ನಾಚಿಕೆಗೆಟ್ಟವನು ತೆಂಗಿನಕಾಯಿ, ಬಾಳೆಹಣ್ಣು ಹಿಡಿದುಕೊಂಡು ನಮ್ಮ ಮನೆಗೇ ಬಂದ. ಬೋರ್ಡಿನ ಕೆಳಗೆ ‘ಅಂಬುಜಾಕ್ಷಿಯವರೇ ಬೈದದ್ದು’ ಅಂತ ಒಂದು ಸಾಲು ಬರೆಸಲು ನನ್ನ ಒಪ್ಪಿಗೆ ಬೇಕಂತೆ. ತೆಂಗಿನಕಾಯಿಯನ್ನು ಅವನ ಹಿಂದೆಯೇ ಎಸೆದೆ. ಅದನ್ನೂ ಜನ ನೋಡಿದರು, ಮಾರನೆಯ ದಿನ ಬೇರೆ ಊರಿನಿಂದ ಸ್ಟಾಕ್ ತರಿಸಬೇಕಾಯಿತಂತೆ.

ಊರಿನವರು ಹಾಳಾಗಿ ಹೋಗಲಿ ಅಂತ ಬಿಡಬಹುದಿತ್ತು. ಆದರೆ ಕುಮುದ ಕೂಡ ಪುಡಿ ಶುರುಮಾಡಿದಳು. ನನಗೆ ಹೇಳದೆ ಅಲ್ಲ, ಹೇಳಿಯೇ. ಬೈದದ್ದು ನಿಜವಾಗಿಯೂ ಬೈದದ್ದು ಕಣೆ ಅಂತ ಅವಳ ಎರಡು ಕೈ ಹಿಡಿದು ಹೇಳಿದೆ. ಅವಳಿಗೆ ಇನ್ನೂ ಖುಷಿಯಾಯಿತು. ಹಿಂದೆ ಮಾತ್ರೆ ಕೊಡುವಾಗಲೂ ನೀನು ಹೀಗೇ ಹೇಳುತ್ತಿದ್ದೆಯಲ್ಲ ಅಂದಳು. ಹನ್ನೊಂದು ವರ್ಷ ಒಳ್ಳೆಯ ಮಾತ್ರೆಯನ್ನು ನಾಯಿಗೂ ಬೇಡ ಅಂದವಳು ನಾನೇ. ಊರಿನವರನ್ನು ಮೂರ್ಖರು ಅನ್ನುತ್ತೇನಲ್ಲ, ನನ್ನ ಮನೆಯ ಮೂರ್ಖತನಕ್ಕೆ ನಾನೇ ಯಜಮಾನಿ. ಟಿನ್ನು ಬಚ್ಚಿಟ್ಟೆ, ಇನ್ನೊಂದು ತಂದಳು. ಚರಂಡಿಗೆ ಸುರಿದೆ, ಅಷ್ಟೊಂದು ಒಳ್ಳೆಯದೇ ಅಂತ ಅಕ್ಕಪಕ್ಕದವರೂ ತಂದರು.

ಟಿನ್ನಿನಲ್ಲಿ ಬರೆದಿದ್ದ ಹಾಗೆ ಅವಳು ಡಾಕ್ಟರ ಮಾತ್ರೆಯನ್ನು ನಿಲ್ಲಿಸಿದಳು. ಮೊದಲ ತಿಂಗಳು ಹುಷಾರಾಗಿದ್ದೇನೆ ಅಂದಳು. ಎರಡನೆಯ ತಿಂಗಳು ಪಾದ ಊದಿಕೊಂಡು ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯುವುದು ಕಷ್ಟವಾಯಿತು. ಬೆರಳಿಗೆ ಸೂಜಿ ಚುಚ್ಚಿದ ಗಾಯ ಮಾಯಲಿಲ್ಲ. ಬೆಳಿಗ್ಗೆ ಎದ್ದರೆ ಮುಖ ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು. ಪುಡಿ ಕೆಟ್ಟದ್ದನ್ನೆಲ್ಲ ಹೊರಗೆ ಹಾಕುತ್ತಿದೆ ಅಂತ ಪೀತಾಂಬರನ ಗಿರಾಕಿಗಳು ಅವಳಿಗೆ ಧೈರ್ಯ ಹೇಳಿದರು. ನಾನು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದೆ.

ಶೇಷಗಿರಿಯವರು ರಕ್ತದ ವರದಿ ನೋಡಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಒಂದು ವರ್ಷದ ಕೆಳಗೆ ಒಂದು ಚಿಲ್ಲರೆ ಇದ್ದ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಎಷ್ಟು ಕೆಟ್ಟಿದೆ ಅನ್ನುವ ಅಂಕಿ, ಈಗ ಎರಡೂವರೆ ದಾಟಿತ್ತು. ಸಕ್ಕರೆಯ ಅಂಕಿ ನಾನು ಹೇಳುವುದಿಲ್ಲ, ನನಗೇ ನಂಬಲಾಗಲಿಲ್ಲ. ಅವರು ಚೀಟಿಯಲ್ಲಿ ಎರಡು ಹೊಸ ಮಾತ್ರೆ ಬರೆದು, ಕೆಳಗೆ ಗೆರೆ ಎಳೆದು, ಪುಡಿ ಇವತ್ತೇ ನಿಲ್ಲಿಸಿ, ಇನ್ನೆರಡು ತಿಂಗಳು ಹೀಗೇ ನಡೆದರೆ ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಯಂತ್ರಕ್ಕೆ ಹಾಕಬೇಕಾಗುತ್ತದೆ ಅಂತ ಬರೆದರು. ನಮ್ಮೂರಿನಲ್ಲಿ ಆ ಯಂತ್ರವಿಲ್ಲ. ಕುಮುದ ಚೀಟಿ ಓದಿ ಮಡಿಚಿ ಕುಪ್ಪಸದೊಳಗಿಟ್ಟುಕೊಂಡಳು. ಹೊರಗೆ ಬಂದ ಮೇಲೆ, ಡಾಕ್ಟರು ಕೂಡ ಪುಡಿಯನ್ನು ಬರೆದು ಬೈದಿದ್ದಾರೆ ನೋಡು, ಅವರು ಬೈದದ್ದನ್ನು ನಾನು ಇದೇ ಮೊದಲು ನೋಡಿದ್ದು ಅಂದಳು. ನಾನು ರಸ್ತೆಯ ಪಕ್ಕದಲ್ಲಿ ಕೂತುಬಿಟ್ಟೆ.

ಹಾಗಾದರೆ ಮಾತ್ರೆಯನ್ನು ಹೊಗಳಬೇಕು. ಬೇರೆ ದಾರಿ ಇರಲಿಲ್ಲ. ಬರೆದು ಹೊಗಳಿದರೆ ಗಂಟಲಿಗೆ ಏನೂ ಆಗುವುದಿಲ್ಲ ನಿಜ, ಆದರೆ ಬರೆದದ್ದನ್ನು ನಮ್ಮೂರಲ್ಲಿ ಯಾರು ನಂಬುತ್ತಾರೆ? ಟಿನ್ನುಗಳ ಮೇಲೆಲ್ಲ ಬರೆದೇ ಇರುತ್ತದೆ. ಬಾಯಿಂದಲೇ ಹೇಳಬೇಕು. ಮಾರನೆಯ ದಿನ ನಾನೊಬ್ಬಳೇ ಡಾಕ್ಟರ ಹತ್ತಿರ ಹೋಗಿ, ಈ ಎರಡು ಮಾತ್ರೆಯನ್ನು ನಾನೂ ತಿಂದರೆ ಏನಾಗುತ್ತದೆ ಅಂತ ಕೇಳಿದೆ. ಅವರು ನನ್ನ ಬಿ.ಪಿ. ನೋಡಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ಎರಡೂ ಮೊದಲೇ ಕಡಿಮೆ. ನಿಮಗೆ ಬೇಡ, ಬಿದ್ದುಹೋಗುತ್ತೀರಿ, ಒಂದು ದಿನ ಏಳುವುದಿಲ್ಲ ಅಂತ ಬರೆದುಕೊಟ್ಟರು. ಅವಳಿಗೆ ಔಷಧಿಯಾದದ್ದು ನನಗೆ ವಿಷ. ಅಳತೆ ಅಂದರೆ ಇದೇ ತಾನೆ, ಇದನ್ನೇ ತಾನೆ ನಾನು ಊರಿಗೆಲ್ಲ ಕೂಗಿ ಹೇಳಲು ಹೋದದ್ದು. ಆ ಮಾತ್ರೆಗಳೋ, ಅವಳು ಬದುಕಿರುವವರೆಗೂ ನುಂಗಬೇಕಾದವು. ದನಿ ಹೋದರೆ ಹೋದಂತೆಯೇ. ಅಂಬುಜಾಕ್ಷಿಯಿಂದ ಬಾಯಿ ಕಿತ್ತುಕೊಂಡರೆ ಏನು ಉಳಿಯುತ್ತದೆ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದೆ. ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಕುಮುದ ಮೆಷಿನ್ನಿನ ಮುಂದೆ ಕೂತು ಪುಡಿ ಕಲಸಿದ ಲೋಟ ಕೈಯಲ್ಲಿ ಹಿಡಿದಿದ್ದಳು. ನಾನು ಮಾತ್ರೆಯ ಹಾಳೆ ಅವಳ ಮಡಿಲಿಗಿಟ್ಟೆ.

‘ಕುಮುದ, ಈ ಮಾತ್ರೆ ಒಳ್ಳೇದು ಕಣೆ. ನಿಂಗೆ ತುಂಬ ಒಳ್ಳೇದು. ಮೊದಲಿಂದ ನುಂಗ್ತಿದ್ದದ್ದೂ ಒಳ್ಳೇದೇ ಆಗಿತ್ತು’ ಅಂದೆ.

ಅವಳ ಮುಖ ಬೆಳ್ಳಗಾಯಿತು. ಎದ್ದು ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ‘ಅಕ್ಕ, ಸುಮ್ನಿರು. ಏನು ಅಂತಿದ್ದೀಯ ಗೊತ್ತಾ ನಿಂಗೆ? ಸುಮ್ನಿರು ಅಕ್ಕ’ ಅಂದಳು.

ಅವಳ ಕೈ ಸರಿಸಿ ಇನ್ನೊಂದು ಸಲ ಹೇಳಿದೆ, ಆಮೇಲೆ ಇನ್ನೊಂದು ಸಲ. ನನಗೆ ಅಭ್ಯಾಸವಿಲ್ಲದ ಮಾತು, ನಾಲಿಗೆ ತೊಡರುತ್ತಿತ್ತು. ಪುಡಿಯ ಬಗ್ಗೆ ಕೆಟ್ಟದ್ದು ಒಳ್ಳೆಯದು ಒಂದನ್ನೂ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಕುಮುದ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು, ಬಚ್ಚಲಿಗೆ ಹೋಗಿ ಲೋಟ ಬಗ್ಗಿಸಿ ಬಂದಳು. ಹಾಗಾದರೆ ಹಾಲಿನ ಬೂತಿನಲ್ಲಿ ನೀನು ನಿಜವಾಗಿಯೂ ಬೈದದ್ದು ಅಂತ ಮೆಲ್ಲಗೆ ಕೇಳಿ, ನನ್ನ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮೊದಲ ಮೂರು ದಿನ ನಾನೂ ಅವಳ ಜೊತೆ ನುಂಗಿದೆ. ಆಸೆ, ಇನ್ನೇನು. ಜೇಬಿಲ್ಲದ ಸೀರೆಯ ಮಡಿಲಿನಲ್ಲಿ ಬೆಲ್ಲದ ಅಚ್ಚು ಕಟ್ಟಿಕೊಂಡು ಓಡಾಡಿದರೆ ಹೇಗೋ ನಡೆದೀತು ಅಂದುಕೊಂಡಿದ್ದೆ. ಮೂರನೆಯ ದಿನ ಹಾಲಿನ ಬೂತಿನ ಮುಂದೆ ಬೆವರು ಕಿತ್ತುಕೊಂಡು ಬಂದು, ಕಣ್ಣು ಕತ್ತಲಿಟ್ಟು ಬಿದ್ದೆ. ಶೇಷಗಿರಿಯವರ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಕೈಗೆ ಡ್ರಿಪ್ ಹಾಕಿದ್ದರು. ನಿಮ್ಮ ಅಕ್ಕ ಇನ್ನು ಈ ಮಾತ್ರೆ ಮುಟ್ಟಕೂಡದು ಅಂತ ಅವರು ಕುಮುದನ ಕೈಗೇ ಬರೆದುಕೊಟ್ಟರು. ಅವಳು ನುಂಗಿದರೆ ನನ್ನ ಮಾತು ಹೋಗುತ್ತದೆ, ನುಂಗದಿದ್ದರೆ ಅವಳು ಹೋಗುತ್ತಾಳೆ. ಮನೆಗೆ ಹೋಗಿ ಮಲಗು, ಬೆಳಿಗ್ಗೆ ಎದ್ದು ನುಂಗು, ಅರವತ್ತಮೂರು ವರ್ಷ ನಾನು ಆಡಿದ್ದು ಸಾಕು ಅಂತ ಅವಳಿಗೆ ಹೇಳಿ ಕಳಿಸಿದೆ. ಮಾರನೆಯ ಬೆಳಿಗ್ಗೆ ನರ್ಸಮ್ಮ ಕಾಫಿ ಬೇಕಾ ಅಂದರೆ ಬೇಕು ಅನ್ನಲು ದನಿ ಬರಲಿಲ್ಲ. ಸಮಾಧಾನವಾಯಿತು, ಅಳುವೂ ಬಂತು.

ಊರಿನವರು ಏನಂದುಕೊಂಡರು ಅಂತ ಕೇಳಿದರೆ ನಗಬೇಕೋ ಅಳಬೇಕೋ. ಅಂಬುಜಕ್ಕ ಬಾಯಿ ಬಿಟ್ಟು ಹೊಗಳಿದ ಮಾತ್ರೆ ಅಂದಮೇಲೆ ಅದರಲ್ಲಿ ಏನೋ ಇದೆ ಅಂತ ಕಾಯಿಲೆ ಇಲ್ಲದವರೂ ಮೆಡಿಕಲ್ ಅಂಗಡಿಯ ಮುಂದೆ ಸಾಲು ನಿಂತರು. ಚೀಟಿ ಇಲ್ಲದೆ ಕೊಡುವುದಿಲ್ಲ ಅಂತ ಅಂಗಡಿಯವರು ಬಾಗಿಲು ಹಾಕಬೇಕಾಯಿತು. ಪುಡಿ ತಿನ್ನುತ್ತಿದ್ದವರಲ್ಲಿ ಅರ್ಧ ಜನ ನಾನು ಮೂಕಿಯಾದದ್ದನ್ನು ಕಂಡು, ಹಾಗಾದರೆ ಬೈದದ್ದೂ ನಿಜ ಅಂತ ಹೆದರಿ ಪುಡಿ ಬಿಟ್ಟರು. ಇನ್ನರ್ಧ ಜನ ಎರಡನ್ನೂ ಬಿಡದೆ ತಿಂದರು. ಪೀತಾಂಬರ ಗಿರಣಿಯ ಪಕ್ಕದ ಮಳಿಗೆ ಖಾಲಿ ಮಾಡಿ ಇನ್ನೊಂದು ಊರಿಗೆ ಹೋದ. ಅಲ್ಲಿಯ ಬೋರ್ಡಿನ ಮೇಲೆ ನನ್ನ ಹೆಸರಿದೆಯಂತೆ. ಬೈಯೋಣ ಅಂದರೆ ದನಿಯಿಲ್ಲ, ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಏಳು ತಿಂಗಳು ಕಳೆಯಿತು. ಕುಮುದನ ಪಾದದ ಊತ ಇಳಿಯಿತು. ಕ್ರಿಯಾಟಿನಿನ್ ಎರಡರ ಕೆಳಗೆ ಬಂದು ನಿಂತಿತು, ಹೋದದ್ದು ಪೂರ್ತಿ ವಾಪಸು ಬರುವುದಿಲ್ಲ, ಇಷ್ಟನ್ನಾದರೂ ಉಳಿಸಿಕೊಳ್ಳಿ, ಒಂದು ದಿನವೂ ತಪ್ಪಿಸಬೇಡಿ ಅಂತ ಡಾಕ್ಟರು ಬರೆದರು. ಬೆಳಿಗ್ಗೆ ನಾನು ಮಾತ್ರೆ ಅಂಗೈಗೆ ಹಾಕುತ್ತೇನೆ, ಅವಳು ನುಂಗುತ್ತಾಳೆ. ಮಾತಿಲ್ಲದ ಮನೆ ಎಷ್ಟು ದೊಡ್ಡದು ಅಂತ ನನಗೆ ಮೊದಲು ಗೊತ್ತಿರಲಿಲ್ಲ.

ಕಳೆದ ಗುರುವಾರ ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಸೊಪ್ಪು ಬಿಡಿಸುತ್ತಿದ್ದೆ. ಹಾಲು ಉಕ್ಕಿತು. ‘ಅಯ್ಯೋ, ಹಾಲು’ ಅಂತ ಯಾರೋ ಕೂಗಿದರು. ತಿರುಗಿ ನೋಡಿದೆ. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ಇನ್ನೊಂದು ಸಲ ‘ಹಾಲು’ ಅಂದೆ. ನನ್ನದೇ ದನಿ, ಒರಟಾಗಿ, ಒಣಗಿ, ಆದರೆ ನನ್ನದೇ. ಸುಳ್ಳು ಯಾಕೆ ಹೇಳಲಿ, ಆ ಒಂದು ಕ್ಷಣ ಕುಣಿಯಬೇಕು ಅನ್ನಿಸಿತು. ಆಮೇಲೆ, ದನಿ ಬಂದಿದೆ ಅಂದರೆ ಏನರ್ಥ ಅಂತ ಹೊಳೆಯಿತು. ಒಲೆ ಆರಿಸದೆ ಮುಂದಿನ ಕೋಣೆಗೆ ಓಡಿದೆ.

ಕುಮುದ ಮೆಷಿನ್ನಿನ ಮುಂದೆ ಕೂತಿದ್ದಳು, ಬಟ್ಟೆ ಸಹ ಇಟ್ಟುಕೊಂಡಿರಲಿಲ್ಲ. ನನ್ನ ಕೂಗು ಕೇಳಿಸಿಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದಳು. ನಿನ್ನೆ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಮುಷ್ಟಿಯಲ್ಲಿ ಉಳಿಸಿಕೊಂಡಳಂತೆ.

‘ನಿನ್ ದನಿ ಮರ್ತೇ ಹೋಗ್ತಿತ್ತು ಅಕ್ಕ. ಒಂದ್ಸಲ ಕೇಳ್ಬೇಕು ಅನ್ನಿಸ್ತು. ಬೈಯಿ ನನ್ನ’ ಅಂದಳು.

ಬೈದೆ. ಏಳು ತಿಂಗಳಿನದೆಲ್ಲ ಒಳಗೇ ಇತ್ತು. ಕತ್ತೆ ಅಂದೆ, ಮುಟ್ಠಾಳ ಅಂದೆ, ಅಮ್ಮ ನಿನ್ನ ತಲೆಗೆ ಎಣ್ಣೆ ಹಚ್ಚಿದ್ದು ದಂಡ ಅಂದೆ. ಪೀತಾಂಬರನನ್ನು, ಹಾಲಿನ ಬೂತಿನವರನ್ನು, ಮೆಡಿಕಲ್ ಅಂಗಡಿಯ ಮುಂದೆ ಸಾಲು ನಿಂತ ಮಹಾನುಭಾವರನ್ನು, ಯಾರನ್ನೂ ಬಿಡಲಿಲ್ಲ. ಅವಳು ಕಣ್ಣಲ್ಲಿ ನೀರು ಸುರಿಸುತ್ತ ನಕ್ಕಳು. ಬೈಯುತ್ತಲೇ ಕಪಾಟು ತೆಗೆದು ಎರಡು ಮಾತ್ರೆ ಬಿಡಿಸಿ, ಲೋಟದಲ್ಲಿ ನೀರು ತಂದು ಅವಳ ಮುಂದೆ ಹಿಡಿದೆ.

‘ನಾಳೆಯಿಂದ ನುಂಗ್ತೀನಿ. ಇವತ್ತೊಂದಿನ ಮಾತಾಡು ಅಕ್ಕ, ಒಂದೇ ದಿನ’ ಅಂದಳು.

ಒಂದು ದಿನ. ನನಗೂ ಬೇಕಿತ್ತು. ಕರಿಬಸಪ್ಪನವರ ಮನೆಯ ಮುಂದೆ ನಿಂತು ಗಟ್ಟಿಯಾಗಿ ಮಾತಾಡಬೇಕಿತ್ತು, ತರಕಾರಿಯವಳ ಹತ್ತಿರ ಚೌಕಾಸಿ ಮಾಡಬೇಕಿತ್ತು, ಕುಮುದನ ಜೊತೆ ಅಮ್ಮನ ವಿಷಯ ಆಡಿಕೊಂಡು ಕೂರಬೇಕಿತ್ತು. ಅವಳ ಪಾದ ನೋಡಿದೆ. ಹಿಮ್ಮಡಿಯ ಸುತ್ತ ಚರ್ಮ ಆಗಲೇ ಸ್ವಲ್ಪ ಉಬ್ಬಿತ್ತು.

‘ಒಳ್ಳೇ ಮಾತ್ರೆ ಕಣೆ ಇದು, ನುಂಗು’ ಅಂದೆ.

ಅವಳು ಮಾತ್ರೆ ತೆಗೆದುಕೊಂಡಳು. ಅಡುಗೆಮನೆಯಿಂದ ಸೀದ ಹಾಲಿನ ವಾಸನೆ ಬರುತ್ತಿತ್ತು, ಅದಕ್ಕೂ ಅವಳನ್ನೇ ಬೈಯಲು ಶುರುಮಾಡಿದೆ. ಅವಳು ನೀರು ಕುಡಿದು ಲೋಟ ಕೆಳಗಿಟ್ಟಾಗಲೂ ನಾನು ಬೈಯುತ್ತಲೇ ಇದ್ದೆ, ಬಾಯಿ ಮಾತ್ರ ಆಡುತ್ತಿತ್ತು.